ಗೊರಕೆಮೀನಿನ ಮಡು

ಮಾರ್ಚ್ ೩, ಸೋಮವಾರ

ಹನ್ನೊಂದು ವರ್ಷದ ಮೇಲೆ ಇವತ್ತು ಕೆಲಸಕ್ಕೆ ಹೋದೆ. ಮೊದಲ ದಿನವೇ ಬಿಟ್ಟು ಬರುವವಳಿದ್ದೆ, ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ. ಇನ್ನೊಬ್ಬರ ಮುಂದೆ ಹೇಳುವ ಮಾತಲ್ಲ ಇದು.

ಕೆಲಸ ಏನೆಂದರೆ ಮೀನಿನ ಸದ್ದು ಕೇಳುವುದು. ನಗುವವರು ನಗಲಿ. ನದಿ ಸಮುದ್ರಕ್ಕೆ ಸೇರುವ ಅಳಿವೆಯನ್ನು ಬಂದರಿನವರು ತೋಡಿ ಆಳ ಮಾಡುತ್ತಾರಂತೆ, ದೊಡ್ಡ ಹಡಗು ಬರಲೆಂದು. ಅದಕ್ಕೆ ಮೊದಲು ಅಲ್ಲಿ ಮೀನು ಮೊಟ್ಟೆಯಿಡುವ ಜಾಗವಿದೆಯೇ ಎಂದು ನೋಡಬೇಕು. ಗೊರಕೆಮೀನು ಎಂಬ ಜಾತಿ ಮೊಟ್ಟೆಯಿಡುವ ಕಾಲಕ್ಕೆ ಗುಂಪುಗೂಡಿ ಸದ್ದು ಮಾಡುತ್ತದೆ. ಸದ್ದು ಸಿಕ್ಕಿದರೆ ಜಾಗ ಸಿಕ್ಕಿದಂತೆ. ವಿಜ್ಞಾನಿ ಮೇಡಂಗೆ ಒಳ್ಳೆಯ ಕಿವಿಯವರೊಬ್ಬರು ಬೇಕಾಗಿತ್ತು. ಹದಿನಾರು ವರ್ಷ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತಿದವಳು ನಾನು. ಉಸಿರು ಕೇಳಿಯೇ ಎದೆನೋವೋ ದಮ್ಮೋ ಹೇಳುತ್ತಿದ್ದೆ. ಮೇಡಂ ಹೆಡ್‌ಫೋನ್ ಹಾಕಿಸಿ ಇಪ್ಪತ್ತು ಸದ್ದು ಕೇಳಿಸಿದರು, ಇಪ್ಪತ್ತನ್ನೂ ಬಿಡಿಸಿ ಹೇಳಿದೆ. "ನಿಮ್ಮಂಥ ಕಿವಿ ನಾನು ನೋಡಿಲ್ಲ" ಎಂದರು.

ಆಮೇಲೆ ಜೆಟ್ಟಿಗೆ ಕರೆದುಕೊಂಡು ಹೋಗಿ ದೋಣಿ ತೋರಿಸಿದರು. ದೋಣಿಯಲ್ಲಿ ಅವಳು ನಿಂತಿದ್ದಳು.

ನನಗಿಂತ ಆರು ವರ್ಷ ಚಿಕ್ಕವಳು, ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು. ಆ ಸಂಬಂಧದ ಹೆಸರನ್ನು ಈ ಪುಸ್ತಕದಲ್ಲಿ ಬರೆಯುವುದಿಲ್ಲ, ಅದನ್ನು ಅವಳು ಕಳೆದುಕೊಂಡಾಗಿದೆ. ದೋಣಿಯವಳು ಎಂದು ಬರೆದರೆ ಸಾಕು. ನನ್ನನ್ನು ಕೆಲಸದಿಂದ ತೆಗೆಸಿದ ವಿಚಾರಣೆಯಲ್ಲಿ ನನ್ನ ವಿರುದ್ಧ ಸಾಕ್ಷಿ ಹೇಳಿದವಳು ಅವಳೇ. ಅವತ್ತಿನಿಂದ ಒಂದು ಮಾತಿಲ್ಲ. ಅಮ್ಮ ತೀರಿಕೊಂಡಾಗಲೂ ಹೆಣದ ಆಚೆಗೊಬ್ಬಳು ಈಚೆಗೊಬ್ಬಳು ಕೂತಿದ್ದೆವು.

ವಾಪಸು ಹೊರಡಬೇಕೆಂದು ಚಪ್ಪಲಿ ತಿರುಗಿಸಿದ್ದೆ. ಆಗ ಅವಳ ಮುಖ ನೋಡಿದೆ. ನಾನು ಹೋಗುತ್ತೇನೆಂದು ಕಾಯುತ್ತಿದ್ದಳು. ಹೋಗಲಿಲ್ಲ. ಬಿಡುವುದಾದರೆ ಅವಳೇ ಬಿಡಲಿ.

ಮಾರ್ಚ್ ೪, ಮಂಗಳವಾರ

ಮೇಡಂ ಜೊತೆಗೆ ಬಂದಿದ್ದರು. ನೀರಿಗಿಳಿಸುವ ಮೈಕು ಬೆರಳುದ್ದದ ಕಪ್ಪು ವಸ್ತು, ಉದ್ದನೆಯ ತಂತಿ. ಅದನ್ನು ಇಳಿಸಿ ಹೆಡ್‌ಫೋನ್ ಹಾಕಿಕೊಂಡರೆ ಬಾಣಲೆಯಲ್ಲಿ ಏನೋ ಹುರಿಯುವ ಹಾಗೆ ಚಟಪಟ. ಅದು ಸಿಗಡಿಯಂತೆ. ಮೀನುಗಳದ್ದು ಬೇರೆ. ಮೀನಿಗೆ ಗಂಟಲಿಲ್ಲ, ಹೊಟ್ಟೆಯೊಳಗಿನ ಗಾಳಿಚೀಲವನ್ನು ಸ್ನಾಯುವಿನಿಂದ ಬಡಿದು ಡುಮ್ ಡುಮ್ ಎನಿಸುತ್ತವೆ. ಕೆಲವು ರೆಕ್ಕೆಯ ಮುಳ್ಳನ್ನು ಗೂಡಿನಲ್ಲಿ ತಿರುಗಿಸಿ ಬಾಗಿಲಿನ ಹಾಗೆ ಕಿರ್ರೆನ್ನುತ್ತವೆ, ಕೆಲವು ಹಲ್ಲು ಮಸೆಯುತ್ತವೆ. ಕಿವಿ ಹೊರಗೆ ಕಾಣುವುದಿಲ್ಲ, ತಲೆಯೊಳಗೆ ಸಣ್ಣ ಕಲ್ಲುಗಳಿವೆ, ಅವು ಅಲುಗಿದರೆ ಕೇಳಿಸಿದಂತೆ.

"ಯಾಕೆ ಮಾತಾಡ್ತವೆ ಮೇಡಂ?" ಎಂದೆ.

"ಹೆಚ್ಚಿನ ಸಲ ಎರಡೇ ಕಾರಣ. ಜೋಡಿ ಹುಡುಕೋಕೆ, ಜಗಳ ಆಡೋಕೆ. ಜಗಳಾನೇ ಜಾಸ್ತಿ."

ತಣ್ಣನೆಯ ಸಮುದ್ರದ ಒಂದು ಜಾತಿ ಹಿಂದಿನಿಂದ ಗಾಳಿ ಬಿಟ್ಟು ಸದ್ದು ಮಾಡುತ್ತದಂತೆ, ಕತ್ತಲಲ್ಲಿ ಗುಂಪು ಚದುರಬಾರದೆಂದು. ನನಗೆ ನಗು ತಡೆಯಲಾಗಲಿಲ್ಲ. ಹಿಂದಿನಿಂದ ದೋಣಿಯವಳೂ ನಕ್ಕಳು. ಇಬ್ಬರೂ ಒಟ್ಟಿಗೇ ನಿಲ್ಲಿಸಿದೆವು, ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ.

ಅವಳಿಗೆ ಹೇಳಬೇಕಾದದ್ದನ್ನೆಲ್ಲ ಮೇಡಂಗೆ ಹೇಳಿದೆ. "ದೋಣಿ ಸ್ವಲ್ಪ ಎಡಕ್ಕೆ ತಗೊಳ್ಳೋಕೆ ಹೇಳಿ ಮೇಡಂ." ಅವಳೂ ಹಾಗೆಯೇ. "ತಂತಿ ಫ್ಯಾನಿಗೆ ಸಿಕ್ಕೊಳ್ಳತ್ತೆ, ಎತ್ತೋಕೆ ಹೇಳಿ ಮೇಡಂ." ಮೂರಡಿ ದೂರದಲ್ಲಿ ಕೂತ ಇಬ್ಬರ ಮಧ್ಯೆ ಪಾಪ ಆಕೆ ಅಂಚೆಯವಳಾದರು.

ಮನೆಗೆ ಬಂದಾಗ ಇವರು ಹೊಲಿಗೆ ಯಂತ್ರವೊಂದನ್ನು ಬಿಚ್ಚಿ ಹರಡಿಕೊಂಡಿದ್ದರು. "ಮೀನೇನಂತು?" ಎಂದರು.

"ನಿಮ್ಮ ಸುದ್ದೀನೇ. ನಿಮ್ಮ ಭಾಷೇಲೇ ಮಾತಾಡ್ತವಂತೆ."

ದೋಣಿ ಯಾರದ್ದೆಂದು ಹೇಳಲಿಲ್ಲ.

ಮಾರ್ಚ್ ೭, ಶುಕ್ರವಾರ

ಇನ್ನು ಮೇಲೆ ಮೇಡಂ ಬರುವುದಿಲ್ಲ. ದಿನಾ ಸಂಜೆ ನಾಲ್ಕೂವರೆಯಿಂದ ಏಳರವರೆಗೆ ನಾವಿಬ್ಬರೇ. ಅಂಚೆಯವಳಿಲ್ಲದ ಮೇಲೆ ಗಾಳಿಗೆ ಮಾತಾಡುತ್ತೇವೆ. "ಯಾರಾದ್ರೂ ಎಂಜಿನ್ ಆರಿಸಿದ್ರೆ ಕೇಳಿಸ್ತಿತ್ತು," ಎನ್ನುತ್ತೇನೆ ನೀರಿನ ಕಡೆ ನೋಡಿಕೊಂಡು. "ಯಾರಾದ್ರೂ ಲೈಫ್ ಜಾಕೆಟ್ ಹಾಕ್ಕೊಂಡ್ರೆ ಹೊರಡ್ತಿತ್ತು," ಎಂದು ಅವಳು ಆಕಾಶಕ್ಕೆ ಹೇಳಿ ಜಾಕೆಟ್ಟನ್ನು ನನ್ನ ಮುಖಕ್ಕೆ ಎಸೆಯುತ್ತಾಳೆ. ಎಂಜಿನ್ನನ್ನು ಬೇಕೆಂದೇ ಒಂದು ನಿಮಿಷ ತಡವಾಗಿ ಆರಿಸುತ್ತಾಳೆ. ನಾನು ಇಳಿಯುವಾಗ ಬೇಕೆಂದೇ ದೋಣಿಯನ್ನು ಹಿಂದಕ್ಕೆ ಒದೆಯುತ್ತೇನೆ.

ಒಂದು ನಿಯಮ ನನ್ನ ಹೊಟ್ಟೆ ಉರಿಸಿದೆ. ನಾನು ಬರೆಯುವ ದಾಖಲೆಯ ಪ್ರತಿ ಪುಟಕ್ಕೂ ದೋಣಿ ನಡೆಸಿದವರು ಸಾಕ್ಷಿ ಎಂದು ಸಹಿ ಹಾಕಬೇಕು, ಇಲ್ಲದಿದ್ದರೆ ಪುಟ ಲೆಕ್ಕಕ್ಕಿಲ್ಲ. ಸಾಕ್ಷಿ! ಅದರಲ್ಲಿ ಅವಳು ನುರಿತವಳೇ.

ಹನ್ನೊಂದು ವರ್ಷದ ಹಿಂದೆ ಒಂದು ಮಗು ಫೋನ್ ಮಾಡಿ ನಕ್ಕಿತು. ನಾನು ಇಟ್ಟೆ. ಯಾರಾದರೂ ಇಡುತ್ತಿದ್ದರು. ಆ ಮನೆಯಲ್ಲಿ ಮಗುವಿನ ತಾಯಿ ಬಿದ್ದಿದ್ದಳು ಎಂಬುದು ಆಮೇಲೆ ಗೊತ್ತಾದದ್ದು. ರೆಕಾರ್ಡ್ ಮಾಡುವ ಯಂತ್ರ ಆ ವಾರ ಕೆಟ್ಟಿತ್ತು. ನನಗೆ ಊಟ ತಂದುಕೊಟ್ಟು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಇವಳು ವಿಚಾರಣೆಯಲ್ಲಿ ಎದ್ದು ನಿಂತು "ಮಗು ನಗ್ತಿರ್ಲಿಲ್ಲ, ಅಳ್ತಿತ್ತು" ಎಂದಳು. ನನ್ನ ಕಿವಿಗಿಂತ ಇವಳ ಕಿವಿ ದೊಡ್ಡದು! ಹಾಲೆರೆದ ಕೈಯನ್ನೇ ಕಚ್ಚಿದಳು.

ಮಾರ್ಚ್ ೧೧, ಮಂಗಳವಾರ

ಇವತ್ತು ಮನಸ್ಸು ಹಗುರವಾಗಿದೆ.

ಬಂದರಿನ ಇಂಜಿನಿಯರ್ ಜೆಟ್ಟಿಗೆ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ದೋಣಿಯವಳ ಹತ್ತಿರ ಅವನು ಮಾತಾಡಿದ್ದೆಲ್ಲ ನನಗೆ ಕೇಳಿಸಿತು. ಆಳ ಮಾಡುವ ಕೆಲಸ ಶುರುವಾದ ದಿನದಿಂದ ಬಂದರಿನ ನೌಕರರನ್ನು ಅತ್ತಿತ್ತ ಸಾಗಿಸುವ ದೊಡ್ಡ ದೋಣಿ ಇವಳಿಗಂತೆ, ಖಾಯಂ ಕೆಲಸ. ಎರಡು ವರ್ಷದ ಹಿಂದೆ ಸೇತುವೆ ಬಂದಮೇಲೆ ಅಳಿವೆ ದಾಟಲು ಇವಳ ದೋಣಿ ಹತ್ತುವವರಿಲ್ಲ. ಇದೊಂದೇ ಆಸೆ ಅವಳಿಗೆ.

ಅಂದರೆ ಗೊರಕೆಮೀನು ಸಿಕ್ಕಿದರೆ ತೋಡುವುದು ನಿಲ್ಲುತ್ತದೆ. ತೋಡುವುದು ನಿಂತರೆ ಅವಳ ಕೆಲಸ ನೀರಿಗೆ ಬಿದ್ದಂತೆ. ಅದನ್ನು ಬರೆಯುವ ಪೆನ್ನು ನನ್ನ ಕೈಯಲ್ಲಿದೆ!

ಸಿಗಲಿ. ಕಿವಿ ಹರಿದುಹೋಗುವ ಹಾಗೆ ಗೊರೆಯಲಿ.

ಸಂಜೆ ಕಲ್ಲಿನ ಗೋಡೆಯ ಹತ್ತಿರ ಮೈಕಿನ ಮುಂದೆ ಪಟ್ಟೆಯ ಸಣ್ಣ ಮೀನೊಂದು ಟಕ್ ಟಕ್ ಟಕ್ ಎಂದು ಬೈಯುತ್ತಲೇ ಇತ್ತು. ಬೆರಳಷ್ಟಿಲ್ಲ, ಗೋಡೆಯ ಒಂದು ಬಿರುಕು ಅದರ ಮನೆಯಂತೆ, ಅಷ್ಟಕ್ಕೆ ಊರಿನವರನ್ನೆಲ್ಲ ಬೈಯುತ್ತದೆ. ಅರ್ಧ ಗಂಟೆ ಕೇಳಿದೆ. ಬಹಳ ಹಿಡಿಸಿತು.

ಮಾರ್ಚ್ ೧೪, ಶುಕ್ರವಾರ

ಗೊರಕೆ ಇಲ್ಲ. ಹತ್ತು ದಿನವಾಯಿತು. ಸಿಗಡಿ, ಬೈಯುವ ಮೀನು, ಮುಳ್ಳು ತಿರುವುವ ಮೀನು, ಅಷ್ಟೇ. ಎಂಜಿನ್ ಸದ್ದು ಹತ್ತಿರ ಬಂದರೆ ಎಲ್ಲವೂ ಗಪ್ಪೆನ್ನುತ್ತವೆ, ಮೇಷ್ಟ್ರು ಬಂದ ತರಗತಿಯ ಹಾಗೆ.

ಅವಳು ಫ್ಲಾಸ್ಕಿನಿಂದ ಚಹಾ ಕುಡಿಯುತ್ತಾಳೆ. ನನಗೆ ಬೆನ್ನು ಹಾಕಿ, ಸೊರ್ರೆಂದು.

ಮಾರ್ಚ್ ೧೯, ಬುಧವಾರ

ಏನೂ ಇಲ್ಲ. ಆರು ಗಂಟೆ ಹತ್ತು ನಿಮಿಷಕ್ಕೆ ದೂರದಲ್ಲಿ ಯಾವುದೋ ಎಂಜಿನ್. ತಲೆನೋವು. ಈ ತಿಂಗಳ ಕೊನೆಯೊಳಗೆ ಸಿಗದಿದ್ದರೆ "ಮೀನಿಲ್ಲ" ಎಂದೇ ವರದಿ ಹೋಗುತ್ತದಂತೆ.

ಮಾರ್ಚ್ ೨೨, ಶನಿವಾರ

ಬಂದವಳೇ ಮುಖ ಕೂಡ ತೊಳೆಯದೆ ಬರೆಯಲು ಕೂತಿದ್ದೇನೆ.

ನಾನು ಹೆಡ್‌ಫೋನ್ ಹಾಕಿಕೊಂಡು ಮುಂದೆ ಕೂತಿದ್ದೆ. ಏನೋ ಅನಿಸಿ ತಿರುಗಿದೆ. ಅವಳು ಹುಟ್ಟನ್ನು ನೀರಿನಲ್ಲಿ ನೆಟ್ಟಗೆ ಇಳಿಸಿ, ಅದರ ಹಿಡಿಯನ್ನು ಕಿವಿಯ ಕೆಳಗೆ ಎಲುಬಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ನಾನು ನೋಡಿದ್ದು ಗೊತ್ತಾಗಿ ಎತ್ತಿಬಿಟ್ಟಳು.

"ಪೂರ್ವದ ದಡ ಬಿಟ್ರೆ ಈ ಅಳಿವೇಲಿ ನೀರೇ ಇಲ್ವಾ?" ಎಂದೆ. ಗಾಳಿಗಲ್ಲ, ಅವಳಿಗೇ. ಹನ್ನೊಂದು ವರ್ಷದ ಮೇಲೆ ಮೊದಲ ಮಾತು.

"ಮೇಡಂ ಕೊಟ್ಟ ನಕ್ಷೇಲಿರೋ ಜಾಗಕ್ಕೆ ಕರ್ಕೊಂಡು ಹೋಗ್ತಿದೀನಿ."

"ಹುಟ್ಟು ಕಿವಿಗಿಟ್ಟು ಏನು ಕೇಳ್ತಿದ್ದೆ? ಅವು ಎಲ್ಲಿವೆ ಅಂತ ನಿನಗೆ ಗೊತ್ತು."

"ಗೊತ್ತಿದ್ರೆ?"

"ಗೊತ್ತಿದ್ದೂ ಮುಚ್ಚಿಡೋದು ಕಳ್ಳತನ."

ಅವಳು ಎದ್ದು ನಿಂತಳು. ದೋಣಿ ಅಲ್ಲಾಡಿತು. "ಕೇಳಿಸಿದ್ದನ್ನ ಕೇಳಿಸ್ಲಿಲ್ಲ ಅಂದವಳು ಹೇಳೋ ಮಾತಾ ಇದು? ಪಕ್ಕದ ಕುರ್ಚೀಲಿದ್ದ ನನಗೆ ಆ ಮಗು ಅಳೋದು ಕೇಳಿಸ್ತು. ಕಿವೀಗೇ ಹಾಕ್ಕೊಂಡಿದ್ದ ನಿನಗೆ ಕೇಳಿಸ್ಲಿಲ್ವಾ?"

"ಬಾಯಿ ಮುಚ್ಚು."

"ಮುಚ್ಚಿದ್ದೆನಲ್ಲ, ಹನ್ನೊಂದು ವರ್ಷ. ನೀನೇ ತೆರೆಸಿದ್ದು."

ಹೆಡ್‌ಫೋನನ್ನು ಕಿತ್ತು ದೋಣಿಯ ತಳಕ್ಕೆ ಎಸೆದೆ. ದಡಕ್ಕೆ ಬರುವವರೆಗೆ ಇಬ್ಬರೂ ಒಟ್ಟಿಗೇ ಕಿರುಚುತ್ತಿದ್ದೆವು. ಒಬ್ಬಳ ಮಾತೂ ಇನ್ನೊಬ್ಬಳಿಗೆ ಕೇಳಿರಲಾರದು. ಸೇತುವೆಯ ಮೇಲೆ ಜನ ಸೈಕಲ್ ನಿಲ್ಲಿಸಿ ನೋಡಿದರು. ನೋಡಲಿ.

ಮಾರ್ಚ್ ೨೩, ಭಾನುವಾರ

ರಜೆ. ಬಟ್ಟೆ ಒಗೆದೆ, ಒಗೆದದ್ದನ್ನೇ ಮತ್ತೆ ಒಗೆದೆ.

ಅವಳು ಹೇಳಿದ್ದು ಸುಳ್ಳೆಂದು ಬರೆದಿಡಬೇಕು. ಅವತ್ತು ನನ್ನ ಪಾಳಿ ಮೂರು ಗಂಟೆಗೆ ಮುಗಿಯಬೇಕಿತ್ತು. ಮುಂದಿನವಳು ಬರಲಿಲ್ಲ. ಹತ್ತು ಗಂಟೆ ಕುರ್ಚಿಯಿಂದ ಎದ್ದಿರಲಿಲ್ಲ. ಶಾಲೆ ಬಿಟ್ಟಮೇಲೆ ಮಕ್ಕಳ ಹುಡುಗಾಟದ ಫೋನು ದಿನವೂ ಬರುತ್ತಿದ್ದವು, ಅವತ್ತು ಹದಿನಾಲ್ಕು ಬಂದಿದ್ದವು. ಇದು ಹದಿನೈದನೆಯದು ಅಂದುಕೊಂಡೆ. ಎತ್ತಿದ ಕೂಡಲೇ ಮಗು. ಹಿ, ಹಿ, ಹಿ, ನಡುನಡುವೆ ಉಸಿರು ಎಳೆದುಕೊಳ್ಳುವುದು. "ಇದು ಆಟದ ಸಾಮಾನಲ್ಲ, ಇಡು" ಎಂದು ಇಟ್ಟೆ. ಆರು ಸೆಕೆಂಡು ಇರಬಹುದು. ಎರಡು ಗಂಟೆಯ ನಂತರ ಪಕ್ಕದ ಮನೆಯವರು ಫೋನ್ ಮಾಡಿದರು. ಸ್ನಾನದ ಮನೆಯಲ್ಲಿ ಹೆಂಗಸು, ತಲೆಗೆ ಪೆಟ್ಟು. ಗಾಡಿ ಹೋಗುವಷ್ಟರಲ್ಲಿ ಮುಗಿದಿತ್ತು. ಮಗುವಿಗೆ ಎಂಟು ವರ್ಷ.

ನಕ್ಕಿತು ಎಂದೇ ಹೇಳಿದೆ ವಿಚಾರಣೆಯಲ್ಲಿ. ಹೆದರಿಕೆಯಲ್ಲಿ ಮಕ್ಕಳು ನಗುವುದುಂಟು. ಬಿಕ್ಕಿ ಬಿಕ್ಕಿ ನಗುವುದೂ ಉಂಟು.

ಸಾಕು. ಇವರು ಊಟಕ್ಕೆ ಕರೆಯುತ್ತಿದ್ದಾರೆ.

ಮಾರ್ಚ್ ೨೭, ಗುರುವಾರ

ಮೇಡಂ ಕಚೇರಿಗೆ ಕರೆಸಿದ್ದರು. ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ಸ್ಪಂಜು ಬಡಿದಿದ್ದಾರೆ, ನಮ್ಮ ಉಸಿರು ನಮಗೇ ಕೇಳಿಸುತ್ತದೆ.

"ಹತ್ತೊಂಬತ್ತನೇ ತಾರೀಕು ಆರು ಹತ್ತಕ್ಕೆ ಏನು ಬರೆದಿದೀರಿ ನೋಡಿ."

"ದೂರದ ಎಂಜಿನ್" ಎಂದು ಬರೆದಿದ್ದೆ.

ರೆಕಾರ್ಡರಿನಲ್ಲಿ ಆ ಹೊತ್ತಿನದನ್ನು ಹಾಕಿದರು. ಸಣ್ಣಗೆ ಗುರ್ರ್, ಗುರ್ರ್. ಎಂಜಿನ್ನೇ. ಆಮೇಲೆ ಸಿಗಡಿಯ ಚಟಪಟವನ್ನು ತೆಗೆದು, ಸ್ವಲ್ಪ ನಿಧಾನ ಮಾಡಿ ಮತ್ತೆ ಹಾಕಿದರು. ಡುಮ್ ಡುಮ್ ಡುಮ್ ಡುಮ್. ಒಂದಾದ ಮೇಲೊಂದು, ನಡುವೆ ಬಿಡುವು. ಒಂದು ನಿಲ್ಲಿಸಿದರೆ ಇನ್ನೊಂದು ಎತ್ತಿಕೊಳ್ಳುತ್ತದೆ. ಎಂಜಿನ್ ಹಾಗೆ ಸರದಿ ಕಾಯುವುದಿಲ್ಲ.

"ಇವೇ. ಎಲ್ಲೋ ದೂರದಲ್ಲಿವೆ, ದಿಕ್ಕು ಗೊತ್ತಾಗ್ತಿಲ್ಲ," ಎಂದರು ಮೇಡಂ. "ನೀವು ದಣಿದಿದ್ರಿ ಅನ್ಸತ್ತೆ. ಪರ್ವಾಗಿಲ್ಲ."

ಪರ್ವಾಗಿಲ್ಲವಂತೆ! ಆಕೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಕನಿಕರದ ಮುಖಕ್ಕೆ ನೀರೆರಚಬೇಕೆನಿಸಿತು. ದಣಿದಿರಲಿಲ್ಲ ನಾನು. ಎದುರಿಗೆ ಅವಳು ಸೊರ್ರೆಂದು ಚಹಾ ಹೀರುತ್ತಿದ್ದಳು, ನನ್ನ ತಲೆ ಕೆಟ್ಟಿತ್ತು, ಸದ್ದು ಬಂತು, ಎಂಜಿನ್ ಎಂದು ಹೆಸರಿಟ್ಟು ಮುಗಿಸಿದೆ. ಕಿವಿ ಸರಿಯಾಗಿಯೇ ಕೇಳಿತ್ತು. ಹೆಸರಿಟ್ಟವಳು ನಾನು.

ದಾರಿಯಲ್ಲಿ ಬರುವಾಗ ಬಸ್ಸಿನ ನಿಲ್ದಾಣ ದಾಟಿ ಎರಡು ಬೀದಿ ಸುಮ್ಮನೆ ಮುಂದೆ ಹೋಗಿದ್ದೆ.

ಮಾರ್ಚ್ ೨೯, ಶನಿವಾರ

ಇವತ್ತಿನದನ್ನು ಬಿಡದೆ ಬರೆಯಬೇಕು.

ದೋಣಿ ಹತ್ತಿ ಜಾಕೆಟ್ ಹಾಕಿಕೊಂಡು ಕೂತೆ. ಅವಳು ಎಂಜಿನ್ ಹಗ್ಗ ಎಳೆಯಲು ಬಾಗಿದಳು. ಆಗ ಕೇಳಿದೆ. "ಎಲ್ಲಿವೆ?"

ಅವಳು ನನ್ನನ್ನೇ ನೋಡಿದಳು. ಹಗ್ಗ ಬಿಟ್ಟಳು. ಎಂಜಿನ್ ಮುಟ್ಟಲೇ ಇಲ್ಲ, ಹುಟ್ಟು ತೆಗೆದುಕೊಂಡು ಪಶ್ಚಿಮಕ್ಕೆ ತಿರುಗಿಸಿದಳು. ಇಳಿತದ ನೀರು ಎದುರಿಗೆ ತಳ್ಳುತ್ತಿತ್ತು, ಮುಕ್ಕಾಲು ಗಂಟೆ ಹಾಕಿದಳು. ಕುತ್ತಿಗೆಯ ನರ ಹಗ್ಗದಂತೆ ಎದ್ದಿತ್ತು. ನಲವತ್ತೇಳಾಯಿತು ಅವಳಿಗೆ. ನಾನು ಇನ್ನೊಂದು ಹುಟ್ಟು ಎತ್ತಿಕೊಂಡೆ. ಬೇಡವೆನ್ನಲಿಲ್ಲ. "ಎಡಗೈ ಸಡ್ಲ ಬಿಡು" ಎಂದಳು, ಬಯ್ಯುವ ಹಾಗೆ.

ಹಳೆಯ ಉಪ್ಪಿನ ಗೋದಾಮಿನ ಹಿಂದೆ ದಡ ಒಳಕ್ಕೆ ತಿರುಗುವ ಕಡೆ ಒಂದು ಮಡುವಿದೆ. ನೀರು ಅಲ್ಲಿ ಕಪ್ಪಗೆ, ಅಲುಗದೆ ನಿಂತಿತ್ತು. ಸೂರ್ಯ ಗೋದಾಮಿನ ಮಾಡಿನ ಹಿಂದೆ ಇಳಿದಿದ್ದ. ಅವಳು ಲಂಗರನ್ನು ಕೈಯಲ್ಲಿ ಹಿಡಿದೇ ನಿಧಾನವಾಗಿ ಇಳಿಸಿದಳು, ಸದ್ದಾಗದಂತೆ. ನಾನು ಮೈಕು ತೆಗೆಯುವಾಗ ತಡೆದು ಹುಟ್ಟಿನ ಹಿಡಿಯನ್ನು ನನ್ನ ಕೈಗೆ ಕೊಟ್ಟಳು.

ಕಿವಿಯ ಕೆಳಗಿನ ಎಲುಬಿಗೆ ಒತ್ತಿಕೊಂಡೆ.

ಮೊದಲು ಏನೂ ಇಲ್ಲ. ಆಮೇಲೆ ಒಂದು, ಬಹಳ ಕೆಳಗಿನಿಂದ, ಮುಚ್ಚಿದ ಬಾಗಿಲಿನಾಚೆ ಯಾರೋ ಮುಷ್ಟಿಯಿಂದ ತಟ್ಟಿದ ಹಾಗೆ. ಅದಕ್ಕೆ ಇನ್ನೊಂದು. ಮತ್ತೊಂದು ಕಡೆಯಿಂದ ಹತ್ತು. ನೋಡ ನೋಡುತ್ತ ನೂರು. ಹಲ್ಲು ನಡುಗಿತು. ಹುಟ್ಟು ಬಿಟ್ಟು ಕೈಯೂರಿದರೆ ದೋಣಿಯ ಹಲಗೆಯೂ ಗುಂಯ್ ಎನ್ನುತ್ತಿತ್ತು. ನಮ್ಮ ಕೆಳಗೆ ಒಂದು ಊರೇ ಕೂಗುತ್ತಿತ್ತು, ಮೇಲೆ ನೀರಿನಲ್ಲಿ ಒಂದು ಗೆರೆ ಕೂಡ ಇಲ್ಲ.

ಆಮೇಲೆ ಮೈಕು ಇಳಿಸಿದೆ, ರೆಕಾರ್ಡರ್ ಹಾಕಿದೆ, ಹೊತ್ತು ಬರೆದೆ, ಜಾಗ ಬರೆದೆ. ಎರಡೆರಡು ಸಲ ನೋಡಿ ಬರೆದೆ.

"ಚಿಕ್ಕಂದಿನಿಂದ ಗೊತ್ತಾ ನಿನಗೆ?"

"ದೋಣಿ ಕೊಂಡ ವರ್ಷದಿಂದ."

"ಮತ್ತೆ ಯಾಕೀಗ ತೋರಿಸ್ದೆ?"

"ನೀನು ಕೇಳ್ದೆ, ತೋರಿಸ್ದೆ. ಇಷ್ಟು ವರ್ಷ ನೀನು ನನ್ನನ್ನ ಏನನ್ನೂ ಕೇಳ್ಲೇ ಇಲ್ವಲ್ಲ. ಆವತ್ತು ಯಾಕೆ ಹಾಗೆ ಹೇಳ್ದೆ ಅಂತಾನೂ ಕೇಳ್ಲಿಲ್ಲ."

ಪುಟವನ್ನು ಅವಳ ಮುಂದೆ ಹಿಡಿದೆ, ಸಹಿಗೆ. ಮುಖ ತಿರುಗಿಸಿದಳು.

"ಸಹಿ ಹಾಕಲ್ಲ. ತೋರಿಸೋದು ಬೇರೆ, ಬರ್ಕೊಡೋದು ಬೇರೆ. ನನಗೂ ಹೊಟ್ಟೆ ಇದೆ."

ದರಿದ್ರದವಳು. ತೋರಿಸಿಯೂ ತೋರಿಸಿದಂತಲ್ಲ. ಕೈಯಲ್ಲಿ ಬೊಬ್ಬೆ ಎದ್ದಿದೆ, ಪೆನ್ನು ಹಿಡಿಯಲಾಗುತ್ತಿಲ್ಲ.

ಏಪ್ರಿಲ್ ೧, ಮಂಗಳವಾರ

ಇಂಜಿನಿಯರ್ ಮನೆಗೇ ಬಂದ. ಇವರು ಬಿಚ್ಚಿಟ್ಟ ಯಂತ್ರಗಳ ನಡುವೆ ಕಾಲಿಡಲು ಜಾಗ ಹುಡುಕಿ ಕೂತ.

"ಮೇಡಂ ಏನೋ ಹೇಳಿದ್ರು. ರೆಕಾರ್ಡಿಂಗು ಎಲ್ಲಿಂದ ಬೇಕಾದ್ರೂ ಬರಬಹುದು. ಜಾಗ ಅದೇ ಅಂತ ಹೇಳೋದು ನಿಮ್ಮ ಪುಟ. ಅದಕ್ಕೆ ಸಾಕ್ಷಿ ಸಹಿ ಇಲ್ಲ. 'ಸ್ಪಷ್ಟವಿಲ್ಲ' ಅಂತ ಬರೆದುಬಿಡಿ, ಯಾರಿಗೂ ನಷ್ಟ ಇಲ್ಲ."

"ಸ್ಪಷ್ಟವಾಗಿತ್ತು."

"ಹಿಂದೆ ಒಂದ್ಸಲ ಸ್ಪಷ್ಟವಾಗೇ ಕೇಳಿಸಿಕೊಂಡಿದ್ರಂತಲ್ಲ ನೀವು," ಎಂದ, ನಗುತ್ತಲೇ. "ಶುಕ್ರವಾರ ಬಂದರು ಮಂಡಳಿ ಸಭೆ ಇದೆ. ಅಲ್ಲಿ ಯಾರಾದ್ರೂ ಆ ವಿಷಯ ಎತ್ತಿದ್ರೆ ನಿಮಗೇ ಮುಜುಗರ."

ಇವರು ಎಣ್ಣೆಯ ಕೈ ಒರೆಸಿಕೊಂಡು ಎದ್ದರು. ಮೂವತ್ತು ವರ್ಷದಲ್ಲಿ ಇವರು ಯಾರ ಮೇಲೂ ದನಿ ಎತ್ತಿದ್ದು ಕಂಡಿಲ್ಲ. ಇವತ್ತೂ ಎತ್ತಲಿಲ್ಲ. "ಸೂಜಿಗಳು ಬಿದ್ದಿವೆ, ನೋಡ್ಕೊಂಡು ಹೋಗಿ ಸ್ವಾಮಿ. ಬಾಗಿಲು ಆ ಕಡೆ."

ಅವನು ಹೋದಮೇಲೆ ಇವರು ಹೇಳಿದರು. "ದೋಣಿ ಯಾರದ್ದು ಅಂತ ನನಗೆ ಮೊದಲ ದಿನವೇ ಗೊತ್ತಾಗಿತ್ತು. ಊರೆಲ್ಲ ಹೇಳ್ತು. ನೀನು ಹೇಳ್ತೀಯ ಅಂತ ಕಾದೆ."

"ಕಾಯೋ ಬದಲು ಕೇಳಬಹುದಿತ್ತು."

"ನಿನ್ನ ಕೇಳೋದಾ? ಜೀವ ಬೇಡ್ವಾ ನನಗೆ?"

ಏಪ್ರಿಲ್ ೪, ಶುಕ್ರವಾರ

ಸಭೆಯಲ್ಲಿ ಏಳು ಜನ, ಉದ್ದನೆಯ ಮೇಜು. ಮೇಡಂ ರೆಕಾರ್ಡಿಂಗ್ ಕೇಳಿಸಿದರು. ಬಂದವರು ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿದ್ದರು. ಕೊನೆಯಲ್ಲಿ ದೋಣಿಯವಳೂ ಇದ್ದಳು.

ನಾನು ನಿರೀಕ್ಷಿಸಿದ್ದನ್ನೇ ಇಂಜಿನಿಯರ್ ಕೇಳಿದ. ಕೆಲಸದಿಂದ ತೆಗೆದದ್ದು ನಿಜವೇ? ಯಾಕೆ? ಅಂಥವರ ಕಿವಿ ನಂಬಿ ಬಂದರಿನ ಕೆಲಸ ನಿಲ್ಲಿಸಬೇಕೇ?

ಮನೆಯಲ್ಲಿ ಮೂರು ದಿನ ಉತ್ತರ ಕಟ್ಟಿಟ್ಟುಕೊಂಡಿದ್ದೆ. ಕೆಲಸದ ಹೊರೆ, ಹದಿನಾಲ್ಕು ಹುಡುಗಾಟದ ಫೋನು, ಹಾಳಾದ ಯಂತ್ರ. ಬಾಯಿ ತೆರೆದಾಗ ಬೇರೆಯೇ ಬಂತು.

"ತೆಗೆದಿದ್ದು ನಿಜ. ಒಂದು ಮಗು ಫೋನ್ ಮಾಡಿ ಅಳ್ತಿತ್ತು. ನನಗೆ ಅಳು ಕೇಳಿಸ್ತು. ಸಾಕಾಗಿತ್ತು, ನಗು ಅಂದ್ಕೊಂಡು ಇಟ್ಬಿಟ್ಟೆ. ಆಮೇಲೆ ಕೇಳಿದವರಿಗೆಲ್ಲ ನಗು ಅಂತಾನೇ ಹೇಳ್ದೆ. ನನ್ನ ತಂಗಿ ಹೇಳಿದ್ದೇ ನಿಜ. ಈ ಪುಟದಲ್ಲಿ ನನ್ನನ್ನ ನಂಬಬೇಡಿ. ನೀವೇ ಬಂದು ಕೇಳಿ."

ಇಂಜಿನಿಯರ್ ಕಾಗದ ಜೋಡಿಸಿದ.

ಆಗ ಗೋಡೆಯ ಹತ್ತಿರದಿಂದ ತಂಗಿ ಹೇಳಿದಳು. "ನಾಳೆ ಸಂಜೆ ನಾಲ್ಕೂವರೆಗೆ ಬನ್ನಿ. ಮೂರೇ ಜನ, ದೋಣಿ ತಡೆಯಲ್ಲ. ಎಂಜಿನ್ ಹಾಕಲ್ಲ. ಬೂಟು ಬಿಚ್ಚಿ ಕೂರಬೇಕು. ಕೆಮ್ಮಿದ್ರೆ ಇಳಿಸಿಬಿಡ್ತೀನಿ."

ಹೊರಗೆ ಬಂದಮೇಲೆ ನನ್ನತ್ತ ನೋಡದೆ ಹೋದಳು. ನಾನೂ ಕರೆಯಲಿಲ್ಲ.

ಏಪ್ರಿಲ್ ೫, ಶನಿವಾರ

ಮೂವರು ಬಂದರು. ಮಂಡಳಿಯ ಅಧ್ಯಕ್ಷ ಭಾರೀ ಆಸಾಮಿ, ಅವನು ಕೂತ ಕಡೆ ದೋಣಿ ವಾಲಿತು. ಹುಟ್ಟಿನ ಹಿಡಿ ಕೆನ್ನೆಗೆ ಒತ್ತಿಕೊಂಡು ಐದು ನಿಮಿಷ ಕಣ್ಣು ಬಿಟ್ಟುಕೊಂಡೇ ಕೂತಿದ್ದ. ಕೊನೆಗೆ ಪಿಸುಗುಟ್ಟಿದ. "ಇವು ಯಾವಾಗ ನಿಲ್ಲಿಸ್ತವೆ?"

"ನಮಗೆ ಹೆದರಿದಾಗ" ಎಂದಳು ತಂಗಿ.

ಇಳಿದಮೇಲೆ ದಾಖಲೆ ಪುಸ್ತಕವನ್ನು ನನ್ನ ಕೈಯಿಂದ ಕಿತ್ತುಕೊಂಡು ಹಿಂದಿನ ಶನಿವಾರದ ಪುಟಕ್ಕೂ ಸಹಿ ಹಾಕಿ ಕೊಟ್ಟಳು. ಕಾಗದ ಹರಿಯುವ ಹಾಗೆ ಒತ್ತಿ ಹಾಕಿದ್ದಾಳೆ.

ಏಪ್ರಿಲ್ ೯, ಬುಧವಾರ

ತೀರ್ಮಾನ ಬಂತು. ಮಡುವಿನ ಕಡೆ ತೋಡುವಂತಿಲ್ಲ. ಉಳಿದ ಕಡೆಯೂ ಮೊಟ್ಟೆಯಿಡುವ ತಿಂಗಳುಗಳು ಮುಗಿಯುವವರೆಗೆ ಇಲ್ಲ. ಮೇಡಂ ನನ್ನ ಕೈ ಹಿಡಿದುಕೊಂಡರು.

ಬಂದರಿನ ದೋಣಿಯ ಕೆಲಸ ಬೇರೆಯವರಿಗೆ ಹೋಗುತ್ತದಂತೆ. ಇಂಜಿನಿಯರ್ ಅವಳಿಗೆ ಎದುರಿಗೇ ಹೇಳಿದನಂತೆ.

ಇದನ್ನೇ ಬೇಡಿಕೊಂಡಿದ್ದೆನಲ್ಲ. ಜೆಟ್ಟಿಗೆ ಹೋದೆ. ತಂಗಿ ದೋಣಿಯ ತಳ ಕೆರೆಯುತ್ತಿದ್ದಳು. ಪಕ್ಕಕ್ಕೆ ಹೋಗಿ ನಿಂತೆ.

"ಕರುಣೆ ತೋರಿಸೋಕೆ ಬಂದಿದ್ರೆ ಹೋಗು," ಎಂದಳು. "ಮೇಡಂ ಮುಂದಿನ ವರ್ಷಕ್ಕೂ ದೋಣಿ ಬೇಕು ಅಂದಿದಾರೆ. ಅಷ್ಟರಲ್ಲಿ ಸತ್ತುಹೋಗಲ್ಲ."

"ನೀನು ಸಾಯೋಳಲ್ಲ. ನನ್ನ ಜೀವ ತಿನ್ನೋಕೆ ಬೇಕಲ್ಲ."

ಇನ್ನೊಂದು ಕೆರೆಯುವ ಉಳಿ ಅಲ್ಲೇ ಬಿದ್ದಿತ್ತು, ಎತ್ತಿಕೊಂಡೆ. ಎರಡು ಗಂಟೆ ಕೆರೆದೆವು. ನಾನು ಕೆರೆದದ್ದು ಸರಿಯಿಲ್ಲವೆಂದು ಮತ್ತೆ ಕೆರೆದಳು.

ಹೊರಡುವಾಗ ಹೇಳಿದಳು. "ಆವತ್ತು ಫೋನ್ ಮಾಡಿದ್ದ ಹುಡುಗಿ ಈಗ ಆಸ್ಪತ್ರೆ ಬೀದೀಲಿ ಝೆರಾಕ್ಸ್ ಅಂಗಡಿ ನೋಡ್ಕೋತಾಳೆ. ನಾನು ಆಗಾಗ ಹೋಗಿ ಮಾತಾಡಿಸ್ತೀನಿ. ನೀನು ಸಭೇಲಿ ಹೇಳಿದ್ದನ್ನ ನಾನು ಅವಳಿಗೆ ಹೇಳ್ಲಿಲ್ಲ. ಅದು ನಾನು ಹೇಳೋ ಮಾತಲ್ಲ."

ಏಪ್ರಿಲ್ ೧೩, ಭಾನುವಾರ

ಹೋದೆವು. ತಂಗಿ ಜೊತೆಗಿದ್ದಳು, ಆದರೆ ಅಂಗಡಿಯ ಮೆಟ್ಟಿಲಿನಲ್ಲೇ ನಿಂತಳು.

ಹತ್ತೊಂಬತ್ತು ವರ್ಷದ ಹುಡುಗಿ, ಸಣ್ಣ ಜಡೆ, ಬೆರಳಿಗೆಲ್ಲ ಕಪ್ಪು ಪುಡಿ. "ಎಷ್ಟು ಕಾಪಿ?" ಎಂದಳು.

ಕಾಪಿಗೆ ಬಂದಿಲ್ಲವೆಂದೆ. ಯಾರೆಂದು ಹೇಳಿದೆ. ಅವಳ ಕೈ ನಿಂತಿತು. ಯಂತ್ರ ತನ್ನಷ್ಟಕ್ಕೆ ಕಾಗದ ಉಗುಳುತ್ತಲೇ ಇತ್ತು.

"ಆವತ್ತು ನೀನು ನಗ್ತಿರ್ಲಿಲ್ಲ. ಅಳ್ತಿದ್ದೆ. ನನಗೆ ಅಳುವೇ ಕೇಳಿಸಿದ್ದು. ನಾನು ನಗು ಅಂತ ಸುಳ್ಳು ಹೇಳ್ದೆ."

ಬೈಯುತ್ತಾಳೆಂದುಕೊಂಡಿದ್ದೆ. ಬೈದರೆ ತೆಗೆದುಕೊಳ್ಳಲು ಸಿದ್ಧಳಾಗಿ ಬಂದಿದ್ದೆ. ಅವಳು ನನ್ನ ಬಾಯನ್ನೇ ನೋಡಿದಳು.

"ಇನ್ನೊಂದ್ಸಲ ಹೇಳಿ."

ಹೇಳಿದೆ.

"ನನಗೆ ನೆನಪಿಲ್ಲ," ಎಂದಳು. "ಫೋನ್ ಎತ್ತಿದ್ದು ನೆನಪಿದೆ, ಆಮೇಲೆ ಏನೂ ಇಲ್ಲ. ನಗ್ತಿದ್ದೆ ಅಂತ ನೀವು ಹೇಳಿದ್ದನ್ನ ಎಲ್ಲರೂ ಹೇಳಿದ್ರು. ಅಮ್ಮ ಬಿದ್ದಿದ್ದಾಗ ಆಟ ಆಡ್ತಿದ್ಲು ಅಂತ. ನಾನೂ ನಂಬಿದ್ದೆ. ನಿಮ್ಮ ತಂಗಿ ಅಳ್ತಿದ್ದೆ ಅಂದಾಗ ಸಮಾಧಾನಕ್ಕೆ ಹೇಳ್ತಾರೆ ಅಂದ್ಕೊಂಡೆ. ಅಪ್ಪ ಒಂದು ದಿನವೂ ಕೇಳ್ಲಿಲ್ಲ. ಕೇಳದೇ ನೋಡ್ತಾರೆ."

ಇದು ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ನನ್ನ ಕೆಲಸ, ನನ್ನ ಮಾನ, ನನ್ನ ಕಿವಿ ಎಂದುಕೊಂಡು ಕೂತಿದ್ದೆ. ಆ ಆರು ಸೆಕೆಂಡಿನ ಆ ಕಡೆಯ ತುದಿಯಲ್ಲಿ ಒಂದು ಮಗು ಬೆಳೆಯುತ್ತಿತ್ತು.

ಅವಳು ಮೊಬೈಲ್ ತೆಗೆದು ನಂಬರ್ ಒತ್ತಿ ನನ್ನ ಕಡೆ ಚಾಚಿದಳು. "ಅಪ್ಪನಿಗೆ ಹೇಳಿ. ಈಗಲೇ."

ತೆಗೆದುಕೊಂಡೆ. ಆ ಕಡೆಯಿಂದ ಗಂಡಸಿನ ದನಿ. "ಏನಮ್ಮ, ಊಟ ಆಯ್ತಾ?"

ನಾನು ಯಾರೆಂದು ಹೇಳಿದೆ. ಉಳಿದದ್ದನ್ನೂ ಹೇಳಿದೆ, ಒಂದು ಮಾತೂ ಮೆತ್ತಗೆ ಮಾಡದೆ. ಆ ಕಡೆ ಏನೂ ಇಲ್ಲ. ಎಲ್ಲೋ ನಲ್ಲಿಯಿಂದ ನೀರು ಬೀಳುತ್ತಿತ್ತು, ಅದನ್ನು ಯಾರೋ ನಿಲ್ಲಿಸಿದರು. ಉಸಿರು. ಮತ್ತೆ ಉಸಿರು. ನಾನು ಕಾದೆ. ಅದು ಏನೆಂದು ಹೆಸರಿಡಲು ಹೋಗಲಿಲ್ಲ.

"ಮಗಳಿಗೆ ಕೊಡಿ" ಎಂದಿತು ಕೊನೆಗೆ ಆ ದನಿ.

ಕೊಟ್ಟೆ. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೊತ್ತಿಕೊಂಡಳು. "ಅಪ್ಪ" ಎಂದಳು. ನನ್ನ ಕಡೆ ನೋಡಿ, ಹೋಗಿ ಎಂದು ಕೈಯಲ್ಲಿ ತೋರಿಸಿದಳು. ಸಿಟ್ಟಿತ್ತು ಆ ಕೈಯಲ್ಲಿ. ಇರಲಿ, ಅದು ಅವಳದ್ದು.

ಹೊರಗೆ ತಂಗಿ ಮೆಟ್ಟಿಲಿನ ಮೇಲೆ ಕೂತಿದ್ದಳು. ನಾನೂ ಕೂತೆ. ಒಳಗಿನಿಂದ ಹುಡುಗಿಯ ಮಾತು ಸಣ್ಣಗೆ ಬರುತ್ತಿತ್ತು. ಕಿವಿಗೊಟ್ಟರೆ ಪೂರ್ತಿ ಕೇಳಿಸುತ್ತಿತ್ತು. ಎದ್ದು ನಾಲ್ಕು ಅಂಗಡಿ ಆಚೆ ಹೋಗಿ ನಿಂತೆವು.